ಔಟ್‌ರೀಚ್‌ಗೆ ‘ಪ್ರಚಾರ’, ಎನ್‌ಫೋರ್ಸ್‌ಮೆಂಟ್‌ಗೆ ‘ಜಾರಿ’: ಇಷ್ಟು ಸಾಕಾ?

ಗೆಳೆಯರೇ,

ಕಡಲಿನ ಸಂರಕ್ಷಿತ ಪ್ರದೇಶಗಳನ್ನು ನೋಡಿಕೊಳ್ಳುವವರಿಗಾಗಿ ಬರೆದ ಒಂದು ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಹವಳ, ಮೀನು, ಆಮೆಗಳ ಭಾಗಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾಗಲಿಲ್ಲ. ಸಿಕ್ಕಿಹಾಕಿಕೊಂಡಿದ್ದು ಎರಡು ಮಾಮೂಲಿ ಪದಗಳಲ್ಲಿ: ‘ಔಟ್‌ರೀಚ್’, ಅಂದರೆ ಜನರ ಬಳಿ ಹೋಗಿ ಅವರನ್ನು ಜೊತೆಗೆ ಸೇರಿಸಿಕೊಳ್ಳುವುದು, ಮತ್ತು ‘ಎನ್‌ಫೋರ್ಸ್‌ಮೆಂಟ್’, ಅಂದರೆ ನಿಯಮವನ್ನು ಪಾಲಿಸುವಂತೆ ಮಾಡುವುದು. ಹೆಚ್ಚಿನ ಕಡೆ ಜೋಡಿಯಾಗಿಯೇ ಬರುತ್ತವೆ. ನಿಘಂಟು ತೆಗೆದರೆ ಉತ್ತರವೇನೋ ಸಿಗುತ್ತದೆ, ಕೆಲಸ ಆಗುವುದಿಲ್ಲ.

ಎರಡನೆಯದನ್ನೇ ಮೊದಲು ಹಿಡಿಯುತ್ತೇನೆ. ಎಲ್ಲರೂ ಬರೆಯುವುದು ‘ಜಾರಿ’. ಆದರೆ ಕನ್ನಡದಲ್ಲಿ ಕಾನೂನು ಜಾರಿಗೆ ಬರುವುದು ಯಾವುದೋ ಒಂದು ದಿನ. ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್ ಮರೀನ್ ಪಾರ್ಕ್ ಎಂಬ ಹವಳ ದಿಬ್ಬಗಳ ಸಂರಕ್ಷಿತ ಕಡಲಿನಲ್ಲಿ, ಎಲ್ಲಿ ಏನು ಮಾಡಬಹುದು ಎಂದು ಹೇಳುವ ಹೊಸ ವಲಯ ಯೋಜನೆ 2004ರ ಜುಲೈ 1ರಂದು ಜಾರಿಗೆ ಬಂತು. ಈ ವಾಕ್ಯದಲ್ಲಿ ತಪ್ಪಿಲ್ಲ. ಎನ್‌ಫೋರ್ಸ್‌ಮೆಂಟ್ ಅನ್ನುವುದು ಮಾತ್ರ ಜಾರಿಗೆ ಬಂದ ಮೇಲೆ ಶುರುವಾಗುವ ಕೆಲಸ. ಅಲ್ಲಿರುವುದು ಸುಮಾರು 3,44,400 ಚದರ ಕಿಲೋಮೀಟರ್ ಜಾಗ. ಬೇಲಿ ಇಲ್ಲ, ಗೇಟು ಇಲ್ಲ. ಅದರಲ್ಲಿ ಸುಮಾರು ಮೂರನೇ ಒಂದು ಭಾಗದಲ್ಲಿ ಮೀನು ಹಿಡಿಯುವಂತಿಲ್ಲ. ದೋಣಿಯಲ್ಲಿ, ವಿಮಾನದಲ್ಲಿ ಸುತ್ತಿ ನೋಡಬೇಕು. ಗೆರೆ ದಾಟಿದವರನ್ನು ಹಿಡಿಯಬೇಕು, ದಂಡ ಹಾಕಬೇಕು, ಬೇಕಾದರೆ ಕೋರ್ಟಿನಲ್ಲಿ ನಿಂತು ಸಾಬೀತು ಮಾಡಬೇಕು. ಇದೆಲ್ಲ ‘ಜಾರಿ’ಯೊಳಗೆ ಹಿಡಿಸುತ್ತದಾ?

ತಮಾಷೆ ಅಂದರೆ, ಅರಬ್ಬಿ ಮೂಲದ ಈ ಪದಕ್ಕೆ ಹರಿಯುತ್ತಿರುವುದು, ನಡೆಯುತ್ತಿರುವುದು ಎಂದೇ ಅರ್ಥ. ನಿಲ್ಲದೆ ನಡೆಯುವ ಅರ್ಥ ಅದರಲ್ಲೇ ಇತ್ತು. ನಾವು ಅದನ್ನು ತಂದು ಒಂದು ದಿನಾಂಕಕ್ಕೆ ಕಟ್ಟಿಹಾಕಿದೆವು. ಜೊತೆಗೆ ನಮ್ಮ ‘ಜಾರು’ ಬೇರೆ ಪಕ್ಕದಲ್ಲೇ ಕೂತಿದೆ. ‘ನಿಯಮ ಜಾರಿಯಾಗಿದೆ’ ಎಂದು ಓದಿದಾಗ ಎತ್ತ ಜಾರಿತು ಎಂದು ಕೇಳುವ ಮನಸ್ಸಾಗುತ್ತದೆ.

‘ಕಾವಲು’ ಹೇಗೆ? 2014ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ, ಲೋಕದ 87 ಕಡಲ ಸಂರಕ್ಷಿತ ಪ್ರದೇಶಗಳ ಅಧ್ಯಯನವೊಂದು ಐದು ಗುಣಗಳನ್ನು ಮುಖ್ಯ ಅಂದಿತು. ಏನನ್ನೂ ತೆಗೆಯದಿರುವುದು, ಹತ್ತು ವರ್ಷಕ್ಕಿಂತ ಹಳೆಯದಾಗಿರುವುದು, ದೊಡ್ಡದಾಗಿರುವುದು, ಮರಳು ಅಥವಾ ಆಳ ನೀರಿನಿಂದ ಬೇರೆಯಾಗಿ ಉಳಿದಿರುವುದು, ಮತ್ತೆ ‘ವೆಲ್ ಎನ್‌ಫೋರ್ಸ್ಡ್’. ಈ ಕೊನೆಯದನ್ನು ‘ಚೆನ್ನಾಗಿ ಜಾರಿಯಾದ’ ಎಂದು ಬರೆದರೆ ನಗು ಬರುತ್ತದೆ. ‘ಬಿಗಿ ಕಾವಲಿರುವ’ ಅಂದರೆ ಯಾರಿಗಾದರೂ ತಿಳಿಯುತ್ತದೆ. ಕಾವಲಿನಲ್ಲಿ ದಂಡ, ಕೋರ್ಟಿನ ಭಾಗ ಬರುವುದಿಲ್ಲ, ಅದು ನಿಜ. ಆದರೂ ಹತ್ತರಲ್ಲಿ ಎಂಟು ಕಡೆ ನನಗೆ ಇದೇ ಒಪ್ಪುತ್ತದೆ. ಕಾಗದದ ಮೇಲಷ್ಟೇ ಇರುವ ಸಂರಕ್ಷಿತ ಪ್ರದೇಶಕ್ಕೆ ಇಂಗ್ಲಿಷಿನವರು ‘ಪೇಪರ್ ಪಾರ್ಕ್’ ಅನ್ನುತ್ತಾರಲ್ಲ, ಅದನ್ನು ಸುಮ್ನೆ ‘ಕಡತದ ಕಡಲು’ ಮಾಡಿದ್ದೇನೆ. ಜಾಸ್ತಿ ಆಯಿತು ಅನ್ನಿಸಿದರೆ ಹೇಳಿ.

ಈಗ ಔಟ್‌ರೀಚ್. ‘ಪ್ರಚಾರ’ ಅಂದರೆ ಮೈಕು ಕಟ್ಟಿದ ಜೀಪು ಕಣ್ಣಿಗೆ ಬರುತ್ತದೆ. ‘ಜಾಗೃತಿ’ ಅಂದರೆ ಎದುರಿನವರು ಮಲಗಿದ್ದಾರೆ ಎಂದಾಯಿತು. ‘ಅರಿವು ಮೂಡಿಸುವುದು’ ಇನ್ನೂ ಕಷ್ಟ. ದಿನಾ ಕಡಲಿಗೆ ಇಳಿಯುವವರಿಗೆ ಕಡಲಿನ ಅರಿವು ಮೂಡಿಸಲು ಹೊರಟವರು ಯಾರು ಎಂದು ಓದುಗ ಕೇಳಿದರೆ ಏನು ಹೇಳುವುದು? ಮೂರರಲ್ಲೂ ಮಾತು ಒಂದೇ ಕಡೆಯಿಂದ ಹೊರಡುತ್ತದೆ.

ಗ್ರೇಟ್ ಬ್ಯಾರಿಯರ್ ರೀಫಿನಲ್ಲಿ ನಡೆದಿದ್ದು ಹಾಗಲ್ಲ. 2004ಕ್ಕೆ ಮುಂಚೆ ಮೀನು ಹಿಡಿಯಬಾರದ ಜಾಗ ಅಲ್ಲಿ ಶೇಕಡಾ 5ಕ್ಕೂ ಕಡಿಮೆ ಇತ್ತು. ಅದನ್ನು ಶೇಕಡಾ 33ಕ್ಕೆ ಏರಿಸುವ ಮುಂಚೆ ಎರಡು ಸುತ್ತು ಜನರ ಅಭಿಪ್ರಾಯ ಕೇಳಿದರು. 31,000ಕ್ಕೂ ಜಾಸ್ತಿ ಪತ್ರಗಳು ಬಂದವು. ಅವನ್ನು ನೋಡಿ ಕರಡು ನಕ್ಷೆಯನ್ನು ತಿದ್ದಿದರು. ದಂಡೆಯಿಂದ ದೂರದ ಗೆರೆಗಳನ್ನು ಅಕ್ಷಾಂಶ ರೇಖಾಂಶಕ್ಕೆ ಹೊಂದಿಸಿ ನೇರವಾಗಿ ಎಳೆದರು. ದೋಣಿಯಲ್ಲಿ ಕೂತವನು ಜಿಪಿಎಸ್ ನೋಡಿದರೆ ತಾನು ಗೆರೆಯ ಯಾವ ಕಡೆ ಇದ್ದೇನೆ ಅಂತ ಗೊತ್ತಾಗಬೇಕು, ಅಲ್ವಾ? ಗೆರೆ ಎಳೆಯುವ ರೀತಿಯೇ ಅರ್ಧ ಔಟ್‌ರೀಚ್ ಎಂಬುದು ನನ್ನ ಎಣಿಕೆ. ಇದಕ್ಕೆ ‘ಜನರೊಡನೆ ಮಾತುಕತೆ’ ಎಂದು ಬರೆದು ನೋಡಿದೆ. ಅರ್ಥ ಕೂಡುತ್ತದೆ. ಅಧ್ಯಾಯದ ತಲೆಬರಹಕ್ಕೆ ಸ್ವಲ್ಪ ತೆಳುವಾಯಿತೇನೋ.

ಅದೇ ನಕ್ಷೆಯಲ್ಲಿ ಇನ್ನೊಂದು ತೊಡಕು ಸಿಕ್ಕಿತು. ಅಲ್ಲಿ ಬಣ್ಣಗಳಿಗೆ ಒಂದೊಂದು ನಿಯಮ. ಹಳದಿಯಲ್ಲಿ ಒಬ್ಬರಿಗೆ ಒಂದೇ ದಾರ, ಒಂದೇ ಗಾಳದ ಕೊಕ್ಕೆ. ಗುಲಾಬಿಯಲ್ಲಿ ಕಾಲಿಡುವಂತೆಯೇ ಇಲ್ಲ. ಹಸಿರಿನಲ್ಲಿ ಈಜಬಹುದು, ಮುಳುಗಿ ನೋಡಬಹುದು, ಮೀನು ಮಾತ್ರ ಹಿಡಿಯುವಂತಿಲ್ಲ. ಕನ್ನಡದಲ್ಲಿ ಹಸಿರು ನಿಶಾನೆ ಅಂದರೆ ‘ನಡಿ’ ಎಂದರ್ಥ! ‘ಹಸಿರು ವಲಯ’ ಎಂದು ಬೋರ್ಡು ಹಾಕಿದರೆ ಗಾಳ ಹಾಕಲು ಒಪ್ಪಿಗೆ ಕೊಟ್ಟಂತೆ ಓದಿಸಿಕೊಳ್ಳುತ್ತದೆ. ಸದ್ಯಕ್ಕೆ ಬಣ್ಣವನ್ನು ಬಿಟ್ಟು ನಿಯಮವನ್ನೇ ಬರೆಯುತ್ತಿದ್ದೇನೆ. ‘ನೋ ಟೇಕ್’ಗೂ ಅಷ್ಟೇ. ‘ಮೀನುಗಾರಿಕೆ ನಿಷೇಧ’ ಅಂದರೆ ಚಿಪ್ಪು, ಹವಳ ಹೊರಗೆ ಉಳಿಯುತ್ತವೆ. ‘ಏನನ್ನೂ ತೆಗೆಯಬಾರದ ಜಾಗ’ ಉದ್ದವಾದರೂ ಇರಲಿ.

ನಿಜವಾಗಿ ಸೋತಿರುವುದು ಔಟ್‌ರೀಚ್, ಎನ್‌ಫೋರ್ಸ್‌ಮೆಂಟ್ ಎರಡೂ ಒಂದಾದ ಕಡೆ. ಅಮೆರಿಕದ ಫ್ಲೋರಿಡಾ ಕೀಸ್ ಕಡಲಧಾಮವನ್ನು 1990ರಲ್ಲಿ ಘೋಷಿಸಿದರು. ಅಲ್ಲಿನವರು ಬಳಸುವ ಮಾತು ‘ಇಂಟರ್‌ಪ್ರೆಟಿವ್ ಎನ್‌ಫೋರ್ಸ್‌ಮೆಂಟ್’. ಒಬ್ಬ ಹವಳದ ಮೇಲೆ ಲಂಗರು ಇಳಿಸಲು ಹೊರಟಿದ್ದಾನೆ ಅಂದುಕೊಳ್ಳಿ. ಕಾವಲಿನವರು ಹತ್ತಿರ ಹೋಗುತ್ತಾರೆ. ಲಂಗರಿನ ಸರಪಳಿ ಅಲೆಗೆ ಅತ್ತಿತ್ತ ಎಳೆದಾಡಿ ಹವಳವನ್ನು ಉಜ್ಜಿ ಮುರಿಯುತ್ತದೆ ಎಂದು ವಿವರಿಸುತ್ತಾರೆ. ಅಗೋ ನೀಲಿ ಪಟ್ಟಿಯ ಬಿಳಿ ತೇಲುಬುರುಡೆ, ದೋಣಿಯನ್ನು ಅದಕ್ಕೆ ಕಟ್ಟಿಕೊಳ್ಳಿ ಎನ್ನುತ್ತಾರೆ. ನಿಯಮದ ಜೊತೆಗೆ ಅದರ ಕಾರಣವನ್ನೂ ಹೇಳುವುದು ಇಲ್ಲಿ ಮುಖ್ಯ. ಹಾಗಂತ ದಂಡದ ಚೀಟಿ ಜೇಬಿನಲ್ಲಿ ಇಲ್ಲ ಎಂದಲ್ಲ.

‘ವಿವರಣಾತ್ಮಕ ಜಾರಿ’ ಎಂದು ಬರೆದು ನಾನೇ ಹೊಡೆದುಹಾಕಿದೆ. ‘ಬುದ್ಧಿ ಹೇಳುವುದು’ ಗದರಿಸಿದಂತಿದೆ. ‘ತಿಳಿಹೇಳಿ ತಡೆಯುವುದು’ ಹತ್ತಿರ ಬಂತು. ಆದರೆ ಅದನ್ನು ಹೆಸರುಪದ ಮಾಡಲು ಹೋದರೆ ಮುದ್ದೆಯಾಗುತ್ತದೆ. ‘ತಿಳಿಹೇಳುವ ಕಾವಲು’ ಎಂದರೆ ಹೇಗೆ? ಅರಣ್ಯ ಇಲಾಖೆ, ಬಂದರು, ಮೀನುಗಾರಿಕೆಯ ಕಡೆ ಕೆಲಸ ಮಾಡಿದವರು ಈ ಗುಂಪಿನಲ್ಲಿ ಇದ್ದೀರಿ. ಪತ್ರದಲ್ಲಿ ಬರೆಯುವ ಪದ ಬೇಡ. ಒಬ್ಬನನ್ನು ಹಿಡಿದು, ಕಾರಣ ಹೇಳಿ, ದಂಡ ಹಾಕದೆ ಕಳಿಸಿದ್ದನ್ನು ನೀವು ನಿಮ್ಮ ನಿಮ್ಮಲ್ಲಿ ಏನೆಂದು ಹೇಳಿಕೊಳ್ಳುತ್ತೀರಿ?