ರೀಬ್ರೀದರ್ ಆಯ್ಕೆ: ಸೆಲ್‌ಗಳನ್ನು ಎಷ್ಟು ನಂಬಬಹುದು, ಸ್ಕ್ರಬರನ್ನು ಎಷ್ಟು ಹೊತ್ತು ನಂಬಬಹುದು?

ಹಲವು ವರ್ಷ ಸಾಮಾನ್ಯ ಸಿಲಿಂಡರ್ ಬಳಸಿ ಡೈವ್ ಮಾಡಿರುವ, ಈಗ ರೀಬ್ರೀದರ್ (ಬಿಟ್ಟ ಉಸಿರನ್ನೇ ಶುದ್ಧಗೊಳಿಸಿ, ಆಮ್ಲಜನಕ ಸೇರಿಸಿ ಮತ್ತೆ ಉಸಿರಾಡಲು ಕೊಡುವ ಡೈವಿಂಗ್ ಯಂತ್ರ) ಕಲಿಯಲು ಹೊರಟಿರುವ ಒಬ್ಬರು ಎರಡು ವಿಷಯ ಕೇಳಿದ್ದಾರೆ. ಆಮ್ಲಜನಕವನ್ನು ತಾನೇ ಸೇರಿಸುವ ಇಲೆಕ್ಟ್ರಾನಿಕ್ ಯಂತ್ರ ಒಳ್ಳೆಯದೋ, ಕೈಯಿಂದ ಸೇರಿಸಬೇಕಾದ ಯಂತ್ರವೋ? ಬಿಟ್ಟ ಉಸಿರಿನಿಂದ ಇಂಗಾಲದ ಡೈಆಕ್ಸೈಡ್ ಹೀರುವ ಸ್ಕ್ರಬರಿಗೆ ತಯಾರಕರು ಹೇಳುವ ಅವಧಿಯನ್ನು ಸ್ವಲ್ಪ ಮೀರಿದರೆ ತೊಂದರೆಯೇ?

ಇಲೆಕ್ಟ್ರಾನಿಕ್ ಯಂತ್ರ ಬಳಸುವವರು:

ಆಮ್ಲಜನಕವನ್ನು ಯಾರು ಸೇರಿಸುತ್ತಾರೆ ಎನ್ನುವುದಕ್ಕಿಂತ, ಲೂಪ್‌ನಲ್ಲಿ (ಉಸಿರು ಸುತ್ತುವ ಕೊಳವೆಗಳಲ್ಲಿ) ಅದು ಎಷ್ಟಿದೆ ಎಂದು ಅಳೆದು ಹೇಳುವ ಸೆಲ್‌ಗಳು ನಿಜ ಹೇಳುತ್ತಿವೆಯೇ ಎನ್ನುವುದೇ ದೊಡ್ಡ ಪ್ರಶ್ನೆ, ಏಕೆಂದರೆ ಎರಡೂ ಬಗೆಯ ಯಂತ್ರಗಳು ನಂಬಿಕೊಂಡಿರುವುದು ಅವನ್ನೇ. ಸಾಮಾನ್ಯವಾಗಿ ಮೂರು ಸೆಲ್‌ಗಳಿರುತ್ತವೆ. ಒಂದಕ್ಕೊಂದು ಹೊಂದುವ ಎರಡನ್ನು ಕಂಪ್ಯೂಟರ್ ನಂಬಿ, ಬೇರೆ ಹೇಳುವ ಒಂದನ್ನು ಬದಿಗಿಡುತ್ತದೆ. ಒಟ್ಟಿಗೆ ಕೊಂಡು ಒಟ್ಟಿಗೆ ಹಳತಾದ ಎರಡು ಸೆಲ್‌ಗಳು ಒಟ್ಟಿಗೇ ಸೊರಗಿದರೆ, ನಿಜ ಹೇಳುವ ಒಂದೇ ಸೆಲ್ಲನ್ನು ಯಂತ್ರ ತಳ್ಳಿಹಾಕುತ್ತದೆ.

ಇದು ನನಗೇ ಆಗಿದೆ. ಆರು ಮೀಟರ್ ಆಳದಲ್ಲಿ ಲೂಪನ್ನು ಶುದ್ಧ ಆಮ್ಲಜನಕದಿಂದ ತುಂಬಿದಾಗ ಆಮ್ಲಜನಕದ ಒತ್ತಡದ ಓದಿಕೆ 1.6 ಬಾರ್ ಹತ್ತಿರ ಬರಬೇಕು. ನನ್ನ ಎರಡು ಸೆಲ್‌ಗಳು 1.2 ದಾಟಲೇ ಇಲ್ಲ. ಸೆಟ್‌ಪಾಯಿಂಟ್ (ಯಂತ್ರ ಕಾಯ್ದುಕೊಳ್ಳಬೇಕಾದ ಗುರಿ) 1.3 ಇಟ್ಟುಕೊಂಡು ಕೆಳಗಿಳಿದಿದ್ದರೆ, ಆಮ್ಲಜನಕ ಬಿಡುವ ವಿದ್ಯುತ್ ಕವಾಟವಾದ ಸೊಲೆನಾಯ್ಡ್ ಗುರಿ ಮುಟ್ಟಿಲ್ಲವೆಂದುಕೊಂಡು ಆಮ್ಲಜನಕ ಸುರಿಯುತ್ತಲೇ ಇರುತ್ತಿತ್ತು, ನಾನು ಅತಿ ಆಮ್ಲಜನಕದಿಂದಾಗುವ ಸೆಳೆತದ (ಫಿಟ್ಸ್) ಅಪಾಯಕ್ಕೆ ಹತ್ತಿರವಾಗುತ್ತಿದ್ದೆ. ಮೇಲ್ಮೈಯಲ್ಲಿ ಮಾಡಿದ ಕ್ಯಾಲಿಬ್ರೇಶನ್‌ನಲ್ಲಿ ಮೂರೂ ಸರಿಯಾಗಿಯೇ ಇದ್ದವು. ಅಂದಿನಿಂದ ಮೂರನ್ನೂ ಒಂದೇ ಸಲ ಬದಲಿಸುವುದಿಲ್ಲ, ಯಾವುದನ್ನೂ ವರ್ಷಕ್ಕಿಂತ ಹೆಚ್ಚು ಬಳಸುವುದಿಲ್ಲ. ಆಳದಲ್ಲಿ ಅನುಮಾನ ಬಂದರೆ ಲೂಪಿಗೆ ಡೈಲ್ಯೂಯೆಂಟ್ (ಆಮ್ಲಜನಕವನ್ನು ತೆಳುವಾಗಿಸಲು ಒಯ್ಯುವ ಅನಿಲ) ತುಂಬಿ ನೋಡುತ್ತೇನೆ: ಅದು ಗಾಳಿಯಾಗಿದ್ದರೆ 30 ಮೀಟರಿನಲ್ಲಿ 0.84 ತೋರಬೇಕು.

ಕೈಯಿಂದ ಸೇರಿಸುವ ಯಂತ್ರ ಬಳಸುವವರು:

ನನ್ನ ಯಂತ್ರದಲ್ಲಿ ಸಣ್ಣ ರಂಧ್ರವೊಂದರಿಂದ ಆಮ್ಲಜನಕ ಒಂದೇ ಸಮನೆ ಒಸರುತ್ತದೆ. ಸುಮ್ಮನಿರುವ ದೇಹಕ್ಕೆ ಬೇಕಾದಷ್ಟಕ್ಕೆ ಅದನ್ನು ಹೊಂದಿಸಿರುತ್ತಾರೆ, ಶ್ರಮ ಹೆಚ್ಚಾದಾಗ ಉಳಿದದ್ದನ್ನು ನಾನು ಗುಂಡಿ ಒತ್ತಿ ಸೇರಿಸಬೇಕು. ಹರಿವು ಆಳದೊಂದಿಗೆ ಹೆಚ್ಚದಿರಲೆಂದು ರೆಗ್ಯುಲೇಟರಿನ ಮೊದಲ ಹಂತಕ್ಕೆ (ಸಿಲಿಂಡರಿನ ಒತ್ತಡ ತಗ್ಗಿಸುವ ಭಾಗ) ನೀರಿನ ಒತ್ತಡ ತಟ್ಟದಂತೆ ಮುಚ್ಚಿದ್ದಾರೆ. ಇದರ ಬೆಲೆಯೆಂದರೆ, ಸುತ್ತಲಿನ ಒತ್ತಡ ಏರುತ್ತ ಹೋದಂತೆ ಒಂದು ಆಳದಾಚೆ ಹರಿವು ಕುಗ್ಗಿ ಕಡೆಗೆ ನಿಂತೇ ಹೋಗುತ್ತದೆ. ಕೊಳ್ಳುವ ಮೊದಲು ಆ ಆಳ ಎಷ್ಟೆಂದು ಕೇಳಿ.

ನಿಮಿಷಕ್ಕೊಮ್ಮೆಯಾದರೂ ಓದಿಕೆ ನೋಡುವ ಅಭ್ಯಾಸ ಈ ಯಂತ್ರದಿಂದ ಬಂತು, ಅದನ್ನು ಬಹಳ ಬೆಲೆಯುಳ್ಳದ್ದೆಂದು ಭಾವಿಸುತ್ತೇನೆ. ಆದರೆ ಕ್ಯಾಮೆರಾದಲ್ಲಿ ಮುಳುಗಿಹೋಗುವವರಿಗೆ ಇದನ್ನು ಹೇಳಲಾರೆ. ಆಮ್ಲಜನಕ 0.16 ಬಾರಿಗಿಂತ ಕೆಳಗಿಳಿದರೆ ಮುನ್ಸೂಚನೆಯಿಲ್ಲದೆ ಪ್ರಜ್ಞೆ ತಪ್ಪಬಹುದು, ಅಂಥ ಹೊತ್ತಿನಲ್ಲಿ ತಾನೇ ತೆರೆದುಕೊಳ್ಳುವ ಸೊಲೆನಾಯ್ಡ್ ಜೀವ ಉಳಿಸುತ್ತದೆ.

ಸ್ಕ್ರಬರ್ ಪ್ರಶ್ನೆಗೆ ಇನ್ನೊಬ್ಬರು:

ಮೀರಬೇಡಿ ಎಂದೇ ನನ್ನ ಉತ್ತರ. ಯುರೋಪಿನ ಇಎನ್ 14143 ಮಾನದಂಡದ ಪ್ರಕಾರ ಸ್ಕ್ರಬರನ್ನು 40 ಮೀಟರ್ ಆಳದ ಒತ್ತಡದಲ್ಲಿ, 4 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ, ನಿಮಿಷಕ್ಕೆ 1.6 ಲೀಟರ್ ಇಂಗಾಲದ ಡೈಆಕ್ಸೈಡ್ ಹಾಯಿಸಿ ಪರೀಕ್ಷಿಸುತ್ತಾರೆ. ಪರಿಸ್ಥಿತಿ ಇಷ್ಟು ಕಠಿಣವಾಗಿರುವುದರಿಂದ ಬೆಚ್ಚನೆಯ ನೀರಿನಲ್ಲಿ ಇನ್ನೂ ಉಳಿದಿರುತ್ತದೆ ಎಂಬ ವಾದ ಹುಟ್ಟುತ್ತದೆ, ಮತ್ತು ಎಷ್ಟೋ ಸಲ ಅದು ನಿಜವೂ ಹೌದು. ಆದರೆ ಎಷ್ಟು ಉಳಿದಿದೆ ಎಂದು ನೀರಿನಡಿಯಲ್ಲಿ ನಿಮಗೆ ಖಚಿತವಾಗಿ ಹೇಳುವವರಿಲ್ಲ. ಡೈವ್‌ಗೆ ಮುಂಚೆ ಐದು ನಿಮಿಷ ಉಸಿರಾಡಿ ನೋಡಿದರೆ ಗೊತ್ತಾಗುತ್ತದೆಂಬ ನಂಬಿಕೆಯೂ ಗಟ್ಟಿಯಲ್ಲ: 2015ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಸ್ಕ್ರಬರ್ ಭಾಗಶಃ ವಿಫಲವಾಗಿದ್ದಾಗ ಬಹುಪಾಲು ಜನರಿಗೆ ಅದು ತಿಳಿಯಲೇ ಇಲ್ಲ.

ಹಿಂದಿನ ದಿನ ಎರಡು ಡೈವ್ ಮಾಡಿದ್ದ ಸೋಡಾ ಲೈಮಿನಲ್ಲಿಯೇ (ಸ್ಕ್ರಬರಿಗೆ ತುಂಬುವ, ಇಂಗಾಲದ ಡೈಆಕ್ಸೈಡ್ ಹೀರುವ ಕಾಳುಗಳು) ನಾನೊಮ್ಮೆ ಮೂವತ್ತು ಮೀಟರ್ ಆಳದಲ್ಲಿ ಸೆಳವಿಗೆ ಎದುರಾಗಿ ಈಜಿದೆ. ಮೊದಲು ಕಾರಣವಿಲ್ಲದ ಕಳವಳ ಬಂತು, ಆಮೇಲೆ ಉಸಿರು ಎಷ್ಟು ಎಳೆದರೂ ಸಾಲದಾಯಿತು. ಆ ಸ್ಥಿತಿಯಲ್ಲಿ ಒಂದು ಮೌತ್‌ಪೀಸ್ ತೆಗೆದು ಇನ್ನೊಂದನ್ನು ಬಾಯಿಗಿಡುವಷ್ಟು ಹೊತ್ತು ಉಸಿರು ಹಿಡಿಯಲು ನನ್ನಿಂದ ಆಗುತ್ತಿರಲಿಲ್ಲ. ಮೌತ್‌ಪೀಸಿನಲ್ಲೇ ಬೇಲ್‌ಔಟ್ ಕವಾಟ (ತಿರುಗಿಸಿದರೆ ತುರ್ತು ಸಿಲಿಂಡರಿನ ಅನಿಲ ಬರುವಂಥದ್ದು) ಇದ್ದುದರಿಂದ ತಿರುಗಿಸಿ ಉಳಿದುಕೊಂಡೆ. ಹಾಗಾಗಿ ಯಂತ್ರ ಯಾವುದೇ ಇರಲಿ, ಈ ಕವಾಟವಿಲ್ಲದೆ ಕೊಳ್ಳಬೇಡಿ ಎನ್ನುತ್ತೇನೆ. ತಿರುಗಿಸಿದ ಮೇಲೂ ಹಲವು ನಿಮಿಷ ಉಸಿರು ಹದಕ್ಕೆ ಬರಲಿಲ್ಲ, ಬೇಲ್‌ಔಟ್ ಅನಿಲ ನನ್ನ ಲೆಕ್ಕಕ್ಕಿಂತ ಬಹಳ ಬೇಗ ಖಾಲಿಯಾಗುತ್ತ ಬಂತು. ಬೇಲ್‌ಔಟ್ ಸಿಲಿಂಡರಿನ ಗಾತ್ರವನ್ನು ಶಾಂತ ಉಸಿರಾಟದ ಮೇಲೆ ಲೆಕ್ಕ ಹಾಕಬೇಡಿ.

ಅನಿಲದ ಸಾಂದ್ರತೆಯನ್ನೂ ಇದರೊಂದಿಗೇ ನೋಡಿ. ಲೀಟರಿಗೆ 5.2 ಗ್ರಾಮಿನೊಳಗೆ ಇರಲಿ, 6.2 ದಾಟದಿರಲಿ ಎಂಬುದು ಈಗಿನ ಸಲಹೆ. ಗಾಳಿ ಸುಮಾರು 30 ಮೀಟರಿನಲ್ಲಿ ಮೊದಲನೆಯ ಮಿತಿಯನ್ನೂ, 40ಕ್ಕೆ ಸ್ವಲ್ಪ ಮೊದಲೇ ಎರಡನೆಯದನ್ನೂ ಮುಟ್ಟುತ್ತದೆ. ಅದಕ್ಕಿಂತ ಆಳಕ್ಕೆ ಹೀಲಿಯಂ ಬೆರೆಸದೆ ಇಳಿದರೆ, ಸ್ಕ್ರಬರ್ ಹೊಸದಾಗಿದ್ದರೂ ಶ್ವಾಸಕೋಶದಿಂದ ಇಂಗಾಲದ ಡೈಆಕ್ಸೈಡ್ ಸಾಕಷ್ಟು ಹೊರಗೆ ಹೋಗದಿರಬಹುದು.

ಇನ್ನೊಂದು ಮಾತು: ಅರ್ಧ ಬಳಸಿದ ಸೋಡಾ ಲೈಮನ್ನು ಹೊರಗೆ ಸುರಿದು ಮತ್ತೆ ತುಂಬಬೇಡಿ. ಮುಗಿದ ಕಾಳುಗಳು ಹೊಸ ಕಾಳುಗಳೊಂದಿಗೆ ಬೆರೆತು, ಹೊರಹೋಗುವ ತುದಿಯಲ್ಲಿ ಬಂದು ಕೂರುತ್ತವೆ.