ಸಹಾಯ ಬೇಕು: ಹಳೆ ಬಾಗಲಕೋಟೆಯ ನಮ್ಮ ಅವ್ವನ ಫೋಟೋಗಳು

ಎಲ್ಲರಿಗೂ ಶರಣು. ನಮ್ಮ ಅವ್ವ ಕಳೆದ ತಿಂಗಳು ತನ್ನ 91ನೆಯ ವಯಸ್ಸಿನಲ್ಲಿ ತೀರಿಕೊಂಡಳು. ಮೊಮ್ಮಕ್ಕಳಿಗಾಗಿ ಆಕೆಯ ಕುರಿತು ಸಣ್ಣ ಪುಸ್ತಿಕೆಯೊಂದನ್ನು ಮಾಡಿಸುತ್ತಿದ್ದು, ತಮ್ಮಲ್ಲಿರುವ ಹಳೆಯ ಫೋಟೋಗಳು ಬೇಕಾಗಿವೆ.

ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಡೆಯಾದ ನಮ್ಮ ಓಣಿಯಲ್ಲಿ ಮದುವೆ, ತೊಟ್ಟಿಲು, ಸಾವು ಏನೇ ಇದ್ದರೂ ಹಂಡೆ, ಬೋಗುಣಿ, ಜಮಖಾನೆಗಳನ್ನು ಜನ ಒಯ್ಯುತ್ತಿದ್ದದ್ದು ನಮ್ಮ ಮನೆಯಿಂದಲೇ. ಅದರ ಲೆಕ್ಕವನ್ನು ಅವ್ವ ಕೆಂಪು ರಟ್ಟಿನ ವಹಿಯಲ್ಲಿ ಬರೆದಿಡುತ್ತಿದ್ದಳು: “ಮೂಲಿಮನಿಯವರು, ಬೋಗುಣಿ ಎರಡು, ಸೌಟು ಒಂದು, ಮರಳಿ ಬಂತು.” ಬಾಡಿಗೆಯ ಮಾತು ಆ ವಹಿಯಲ್ಲಿ ಎಲ್ಲಿಯೂ ಇಲ್ಲ. ಬನದ ಹುಣ್ಣಿಮೆಯ ಹೊತ್ತಿಗೆ ಬಾದಾಮಿಯ ಬನಶಂಕರಿ ಜಾತ್ರೆಗೆ ನಡೆದು ಹೋಗುವವರಿಗೆಂದು ಓಣಿಯ ಹೆಂಗಸರನ್ನೆಲ್ಲ ಕೂಡಿಸಿ, ವಾರಗಟ್ಟಲೆ ಖಡಕ್ ರೊಟ್ಟಿ ಮಾಡಿಸಿ, ಶೇಂಗಾ ಚಟ್ನಿ ಕುಟ್ಟಿಸಿ ಗಂಟು ಕಟ್ಟುತ್ತಿದ್ದಳು; ಮನೆಯಲ್ಲಿ ನಮಗೆ ಮಾತ್ರ ಆ ವಾರವೆಲ್ಲ ಮುರಿದ ರೊಟ್ಟಿಯೇ ಗತಿಯಾಗಿದ್ದುದರಿಂದ ನಾವು ಸಿಟ್ಟಾಗುತ್ತಿದ್ದೆವು ಎಂಬುದನ್ನೂ ಒಪ್ಪಿಕೊಳ್ಳಬೇಕು.

ಮುಳುಗಡೆಯವರಿಗಾಗಿ ಕಟ್ಟಿದ ನವನಗರಕ್ಕೆ ಬಂದ ಮೊದಲ ಮಳೆಗಾಲದಲ್ಲಿ ಟ್ರಂಕಿಗೆ ನೀರು ಇಳಿದು ಫೋಟೋಗಳೆಲ್ಲ ಒಂದಕ್ಕೊಂದು ಅಂಟಿಕೊಂಡು ಹಾಳಾದವು. ವಹಿ ಅವ್ವನ ತಲೆದಿಂಬಿನ ಕೆಳಗಿದ್ದುದರಿಂದ ಉಳಿಯಿತು.

ಆದ್ದರಿಂದ ಹಳೆ ಊರಿನ ಮದುವೆ, ಭಜನೆ ಅಥವಾ ರೊಟ್ಟಿ ಬಡಿಯುವ ಫೋಟೋಗಳಲ್ಲಿ, ಇಳಕಲ್ ಸೀರೆ, ಗುಳೇದಗುಡ್ಡ ಖಣದ ಕುಪ್ಪಸ ತೊಟ್ಟು, ಎಡಗೈಯಲ್ಲಿ ಸೌಟು ಹಿಡಿದ ಎತ್ತರದ ಹೆಂಗಸು ಕಂಡರೆ ದಯವಿಟ್ಟು ಇಲ್ಲಿಯೇ ತಿಳಿಸಿರಿ. ಮೂಲ ಫೋಟೋ ಕೊಡಬೇಕಾಗಿಲ್ಲ. ನಾನೇ ತಮ್ಮ ಮನೆಗೆ ಬಂದು ಮೊಬೈಲಿನಲ್ಲಿ ತೆಗೆದುಕೊಳ್ಳುತ್ತೇನೆ. ನಮ್ಮ ಎರಡು ಬೋಗುಣಿಗಳು ಇನ್ನೂ ಯಾರದೋ ಮನೆಯಲ್ಲಿವೆ ಎಂದು ವಹಿ ಹೇಳುತ್ತದೆ, ಅವು ಅಲ್ಲಿಯೇ ಇರಲಿ.