‘ಹೇಳಿಕೊಂಡಿದ್ದಾರೆ’ ಅಂದರೆ ನಂಬಿಕೆ ಇಲ್ಲ ಅಂತಲೇ?

ಧಾರವಾಡದಲ್ಲಿ ಪತ್ರಿಕೋದ್ಯಮ ಓದುವ ಮಕ್ಕಳ ವರದಿ ತಿದ್ದುವುದು ನನ್ನ ಕೆಲಸ. ಒಬ್ಬರು ನಿಜವೆಂದು ಹೇಳಿದ, ಆದರೆ ನಮಗೆ ಖಾತ್ರಿ ಇಲ್ಲದ ಮಾತಿಗೆ ಬಳಸುವ ಇಂಗ್ಲಿಷಿನ ‘ಕ್ಲೇಮ್’ ಅನ್ನೋ ಕ್ರಿಯಾಪದ ಅಲ್ಲಿ ಪದೇ ಪದೇ ತೊಡಕಾಗುತ್ತಿದೆ.

ಹೋದ ಮುಂಗಾರಿನಲ್ಲಿ ಒಬ್ಬ ವಿದ್ಯಾರ್ಥಿನಿ ಗದಗ ಕಡೆಯ ಹಳ್ಳಿಗೆ ಹೋಗಿದ್ದಳು. ಮಳೆಗೆ ಹೆಸರು ಬೆಳೆ ಹಾಳಾದ ಸುದ್ದಿ. ಮೊದಲು ಇಂಗ್ಲಿಷಿನಲ್ಲಿ ಬರೆದಳು. ‘ಸೆಡ್’ (ಹೇಳಿದರು) ಮೂರು ಸಲ ಬಂತು ಅಂತ ನಾಲ್ಕನೇ ಸಲ ಸುಮ್ನೆ ‘ಕ್ಲೇಮ್ಡ್’ ಹಾಕಿದಳು. ಕನ್ನಡಕ್ಕೆ ಬರುವಾಗ ಅದು ‘ಕಾಳು ಗಿಡದಲ್ಲೇ ಮೊಳಕೆ ಒಡೆದಿದೆ ಎಂದು ರೈತರು ಹೇಳಿಕೊಂಡಿದ್ದಾರೆ’ ಅಂತಾಯಿತು. ಆ ಮೊಳಕೆ ಬಂದ ಕಾಯಿಯನ್ನು ಅವಳೇ ಅಂಗೈಯಲ್ಲಿಟ್ಟು ಫೋಟೊ ತೆಗೆದಿದ್ದಳು! ಅಚ್ಚಾದ ಮೇಲೆ ಆ ರೈತರು ಫೋನ್ ಮಾಡಿದರು: ‘ನಾ ಏನ್ ಸುಳ್ಳ ಹೇಳೇನೇನ್ರಿ?’ ನಾನೂ ಅದನ್ನು ತಿದ್ದದೆ ಬಿಟ್ಟಿದ್ದೆ. ಬಹಳ ಬೇಸರವಾಯಿತು.

‘ಕಷ್ಟ ಹೇಳಿಕೊಂಡರು’ ಅಂದರೆ ಅನುಮಾನವೇನೂ ಇಲ್ಲ, ಮನಸ್ಸು ಬಿಚ್ಚಿ ಮಾತಾಡಿದರು ಅಷ್ಟೇ. ‘ತಾನು ಡಾಕ್ಟರ್ ಎಂದು ಹೇಳಿಕೊಂಡ’ ಅಂದ ಕೂಡಲೇ ಅವನು ಡಾಕ್ಟರ್ ಅಲ್ಲವೇನೋ ಅನ್ನಿಸುತ್ತದೆ, ಅಲ್ವಾ? ‘ಹೇಳಿಕೊಳ್ಳು’ವಿಗೆ ಮುಂಚೆ ‘ಎಂದು’ ಬಂದರೆ ಅದರಲ್ಲಿರುವ ‘ಕೊಳ್ಳು’ವಿನ ಬಣ್ಣವೇ ಬದಲಾಗುತ್ತದೆ ಅಂತ ನನ್ನ ಅಂದಾಜು.

‘ಕ್ಲೇಮ್ ಮಾಡಿದ್ದಾರೆ’ ಅಂತಲೇ ಬಿಡೋಣವೆಂದರೆ ಅದೂ ಆಗದು. 2016ರಲ್ಲಿ ಫಸಲ್ ಬಿಮಾ ಯೋಜನೆ ಬಂದ ಮೇಲಂತೂ ನಮ್ಮ ಊರುಗಳಲ್ಲಿ ಕ್ಲೇಮ್ ಅಂದರೆ ಬೆಳೆವಿಮೆ ದುಡ್ಡು. ಮಹದಾಯಿ ನೀರಿನ ವಿಷಯಕ್ಕೆ ಬಂದರೆ ಅದೇ ಪದ ‘ಹಕ್ಕು ಮಂಡಿಸು’ ಆಗುತ್ತದೆ. ಲ್ಯಾಟಿನ್ ಮೂಲದಲ್ಲಿ ಅದರ ಅರ್ಥ ‘ಕೂಗು’. ‘ಇದು ನನ್ನದು’ ಎಂದು ಕೇಳುವ ಅರ್ಥ ಹಳೆಯದು. ನಂಬುವುದೋ ಬಿಡುವುದೋ ಅನ್ನೋ ಅರ್ಥ ಎಷ್ಟೋ ಕಾಲದ ಮೇಲೆ ಸೇರಿದ್ದು.

ಕಣ್ಣಾರೆ ಕಂಡದ್ದನ್ನು ನೇರವಾಗಿ ಬರೆಯಿರಿ, ಉಳಿದದ್ದಕ್ಕೆ ‘ಹೇಳಿದರು’ ಸಾಕು ಅಂತ ಈಗ ಮಕ್ಕಳಿಗೆ ಹೇಳುತ್ತೇನೆ. ‘ಹೇಳಿದರು’ ಹತ್ತು ಸಲ ಬಂದರೂ ಓದುಗರಿಗೆ ಅಡ್ಡಿಯಾಗದು. ಆದರೆ ನಿಜವಾಗಿಯೂ ಖಾತ್ರಿ ಇಲ್ಲದ ಮಾತಿಗೆ ಏನು ಮಾಡುವುದು? ‘ನಮ್ಮಲ್ಲಿ ಓದಿದ ಎಲ್ಲರಿಗೂ ಕೆಲಸ ಸಿಕ್ಕಿದೆ’ ಅಂತ ಒಂದು ಕಾಲೇಜಿನವರು ಅಂದರು ಅನ್ನಿ. ‘ಪ್ರತಿಪಾದಿಸಿದರು’ ಅಂದರೆ ವಾದಕ್ಕೆ ನಿಂತ ಹಾಗೆ. ‘ಹೇಳಿಕೊಂಡರು’ ಅಂದರೆ ಸುಳ್ಳುಗಾರರು ಅಂದ ಹಾಗೆ. ನನಗೆ ತೋಚಿದ್ದು ‘ಎಂಬುದು ಅವರ ಮಾತು’. ನಿಮ್ಮ ಕಡೆ ಮಾತಿನಲ್ಲಿ ಇದಕ್ಕಿಂತ ಹಗುರಾದ, ಯಾರಿಗೂ ನೋವಾಗದ ಪದ ಇದೆಯೇ?